ಹೊಳೆ ದಾಟಿ ಕುಮಾರಪರ್ವತ ಹತ್ತುವವರು ತಿಳಿದಿರಬೇಕಾದ ವಿಷಯಗಳು

ನಮ್ಮ ಬೆಟ್ಟದಲ್ಲಿ ದರ್ಶನ ಮುಗಿಸಿ ಅಲ್ಲಿಂದ ಮುಂದೆ ಕುಕ್ಕೆ ಶ್ರೀ ಸುಬ್ರಹ್ಮಣ್ಯಕ್ಕೆ ಹೋಗುವ ಭಕ್ತಾದಿಗಳು ಬಹಳ. ಅವರಲ್ಲಿ ಪ್ರಾಯದವರು ಸೇವಾ ರಶೀದಿ ಮಾಡಿಸುವಾಗ ಕೌಂಟರಿನಲ್ಲಿ ಕೇಳುವ ಮಾತು ಒಂದೇ: "ಸಾರ್, ಕುಮಾರಪರ್ವತಕ್ಕೆ ಒಂದೇ ದಿನದಲ್ಲಿ ಹೋಗಿ ಬರಬಹುದಾ?" ಬರಬಹುದು ಅಂದರೆ ಬೆಳಿಗ್ಗೆ ಹತ್ತು ಗಂಟೆಗೆ ಚಪ್ಪಲಿ ಹಾಕಿಕೊಂಡು ಹೊರಡುತ್ತಾರೆ. ಆಗುವುದಿಲ್ಲ ಅಂದರೆ ನಕ್ಕು ಹೋಗುತ್ತಾರೆ. ಸರದಿಯಲ್ಲಿ ಹಿಂದೆ ನಿಂತವರ ಗದ್ದಲದಲ್ಲಿ ವಿವರವಾಗಿ ಹೇಳಲು ಪುರುಸೊತ್ತು ಸಿಗುವುದಿಲ್ಲ. ಆದ್ದರಿಂದ ಇಲ್ಲಿ ಪಾಠದ ಹಾಗೆ ಬರೆದಿದ್ದೇನೆ. ಹತ್ತುವ ವಿಷಯ ಅರ್ಧ, ಹೊಳೆಯ ವಿಷಯ ಅರ್ಧ. ಹೊಳೆಯದ್ದೇ ಹೆಚ್ಚು ಮುಖ್ಯ ಅಂತ ನನ್ನ ಅಭಿಪ್ರಾಯ.

ಪರ್ವತ ಮತ್ತು ಹೊಳೆಯ ಪರಿಚಯ

ಕುಮಾರಪರ್ವತಕ್ಕೆ ಪುಷ್ಪಗಿರಿ ಎಂತಲೂ ಹೆಸರು. ಎತ್ತರ ಸಮುದ್ರಮಟ್ಟದಿಂದ 1712 ಮೀಟರ್. ಕೊಡಗಿನಲ್ಲಿ ಇದಕ್ಕಿಂತ ಎತ್ತರ ಇರುವುದು 1748 ಮೀಟರಿನ ತಡಿಯಂಡಮೋಳ್ ಮಾತ್ರ. ಪಶ್ಚಿಮಕ್ಕೆ ದಕ್ಷಿಣ ಕನ್ನಡ, ಪೂರ್ವಕ್ಕೆ ಕೊಡಗಿನ ಸೋಮವಾರಪೇಟೆ ತಾಲೂಕು, ಉತ್ತರಕ್ಕೆ ಹಾಸನ ಜಿಲ್ಲೆಯ ಬಿಸಿಲೆ ಕಾಡು. ಪರ್ವತ ಪುಷ್ಪಗಿರಿ ವನ್ಯಜೀವಿಧಾಮದೊಳಗೆ ಬರುತ್ತದೆ. 2012ರಲ್ಲಿ ಯುನೆಸ್ಕೋದವರು ಪಶ್ಚಿಮಘಟ್ಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಕಾಡೂ ಅದರಲ್ಲಿ ಸೇರಿತು.

ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ತನ್ನ ಆಯುಧದ ಧಾರೆಯನ್ನು, ಅಂದರೆ ಅಲಗನ್ನು, ತೊಳೆದ ನೀರು ಕುಮಾರಧಾರೆ ಆಯಿತು ಎಂದು ಕ್ಷೇತ್ರದ ಐತಿಹ್ಯ. ದೇವಸೇನೆಯೊಡನೆ ಸ್ವಾಮಿಯ ವಿವಾಹ ನಡೆದದ್ದು ಈ ಪರ್ವತದ ಮೇಲೆ, ಮಾರ್ಗಶಿರ ಶುದ್ಧ ಷಷ್ಠಿಯ ದಿನ. ಅದೇ ಚಂಪಾಷಷ್ಠಿ. ಕುಕ್ಕೆಯಲ್ಲಿ ರಥೋತ್ಸವ ಆಗುವ ದಿನ.

ಭೂಗೋಳದ ಪ್ರಕಾರ ನೋಡಿದರೂ ಈ ಹೊಳೆಯ ನಡೆ ಚೆಂದ. ಪರ್ವತದ ಪೂರ್ವದ ಮಗ್ಗುಲಲ್ಲಿ ಇಳಿದ ನೀರು ಕೂಡಿ ಮಲ್ಲಳ್ಳಿಯಲ್ಲಿ ಜಲಪಾತವಾಗಿ ಧುಮುಕುತ್ತದೆ. ಆಮೇಲೆ ಬಿಸಿಲೆ ಕಡೆಯ ಕಣಿವೆ ಹಿಡಿದು ಬೆಟ್ಟವನ್ನು ಬಳಸಿಕೊಂಡು ಪಶ್ಚಿಮಕ್ಕೆ ಬಂದು ಕುಕ್ಕೆಯ ಸ್ನಾನಘಟ್ಟ ಮುಟ್ಟುತ್ತದೆ. ಮುಂದೆ ಉಪ್ಪಿನಂಗಡಿಯಲ್ಲಿ ಸಹಸ್ರಲಿಂಗೇಶ್ವರನ ಸನ್ನಿಧಿಯಲ್ಲಿ ನೇತ್ರಾವತಿಗೆ ಸೇರಿ ಮಂಗಳೂರಿನಲ್ಲಿ ಸಮುದ್ರಕ್ಕೆ. ಎರಡೂ ಹೊಳೆ ಒಟ್ಟಿಗೆ ಏರಿ ದೇವಸ್ಥಾನದ ಎದುರು ನೀರು ಒಂದಾದರೆ ಉಪ್ಪಿನಂಗಡಿಯವರು "ಸಂಗಮ ಆಯಿತು" ಎಂದು ತೀರ್ಥಸ್ನಾನಕ್ಕೆ ಸೇರುತ್ತಾರೆ. ಸ್ನಾನಘಟ್ಟದಲ್ಲಿ ತಾವು ಮುಳುಗು ಹಾಕುವ ನೀರು ಬೆಟ್ಟದ ಆಚೆ ಬದಿಯಲ್ಲಿ ಹುಟ್ಟಿ ಸುತ್ತಿ ಬಂದದ್ದು ಎಂಬುದನ್ನು ನೆನಪಿಡಿ. ಇದು ಮುಂದೆ ಪಾಠಕ್ಕೆ ಬೇಕಾಗುತ್ತದೆ.

ಎರಡು ದಾರಿ

ಕುಕ್ಕೆ ಕಡೆಯಿಂದ ಹತ್ತುವವರು ದೇವರಗದ್ದೆಯಿಂದ ಕಾಡು ಹೊಕ್ಕು ಭೀಮನಕಲ್ಲು ದಾಟಿ ಗಿರಿಗದ್ದೆಯ ಭಟ್ಟರ ಮನೆಗೆ ಬರುತ್ತಾರೆ. ಅದರ ಮೇಲೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಆಮೇಲೆ ಬೋಳು ಹುಲ್ಲುಗುಡ್ಡ, ಕಲ್ಲುಮಂಟಪ, ಹೆಡೆ ಎತ್ತಿದ ಹಾಗೆ ಕಾಣುವ ಶೇಷಪರ್ವತ. ಶೇಷಪರ್ವತದ ತುದಿ ಮುಟ್ಟಿದವರು ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಅಲ್ಲಿಂದ ಒಂದು ಶೋಲಾ ಕಾಡಿಗೆ ಇಳಿದು ಮತ್ತೆ ಹತ್ತಬೇಕು.

ಇನ್ನೊಂದು ದಾರಿ ಸೋಮವಾರಪೇಟೆ ಕಡೆಯದ್ದು. ಬೀದಳ್ಳಿ, ಹೆಗ್ಗಡಮನೆ, ಅಲ್ಲಿನ ಶ್ರೀ ಮಲ್ಲಿಕಾರ್ಜುನ ದೇವಸ್ಥಾನ, ಚೆಕ್‌ಪೋಸ್ಟ್, ಆಮೇಲೆ ಹೊಳೆ. ಹೊಳೆಗೆ ತೂಗುಸೇತುವೆ ಉಂಟು. ಹೊಳೆ ದಾಟಿದರೆ ದಟ್ಟ ಕಾಡು, ಮರದ ಬೇರುಗಳ ಮೆಟ್ಟಿಲು, ಕೊನೆಗೆ ಕೈಕಾಲು ಎರಡೂ ಊರಿ ಹತ್ತಬೇಕಾದ ಬಂಡೆ. ಬಂಡೆ ಮುಗಿದರೆ ಶಿಖರ. ಒಂದು ದಿನದ ಯಾತ್ರೆಗೆ ಹೇಳಿದ್ದು ಈ ದಾರಿ. ಯಾಕೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಗುಮಾಸ್ತನಿಗೆ ಲೆಕ್ಕ ಬಿಟ್ಟರೆ ಸಮಾಧಾನ ಇಲ್ಲ.

ಹೊತ್ತಿನ ಲೆಕ್ಕ

1892ರಲ್ಲಿ ಸ್ಕಾಟ್ಲೆಂಡಿನ ನೇಸ್ಮಿತ್ ಎಂಬ ಬೆಟ್ಟಗಾರ ಒಂದು ಸೂತ್ರ ಕೊಟ್ಟ. ನಡೆಯುವ ದೂರಕ್ಕೆ ಐದು ಕಿ.ಮೀ.ಗೆ ಒಂದು ಗಂಟೆ. ಏರುವ ಎತ್ತರಕ್ಕೆ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಎರಡನ್ನೂ ಕೂಡಿಸುವುದು. ಇವತ್ತಿಗೂ ಬೆಟ್ಟ ಹತ್ತುವವರು ಇದನ್ನೇ ಹಿಡಿಯುತ್ತಾರೆ. ಆದರೆ ಅದು ಗಟ್ಟಿ ಕಾಲಿನವರಿಗೆ, ವಿಶ್ರಾಂತಿ ಇಲ್ಲದೆ. ನಮ್ಮ ಬಿಸಿಲು, ನಮ್ಮ ಕಾಡು, ಮನೆಯವರ ಜೊತೆ ಬಂದ ಭಕ್ತರು, ಇದೆಲ್ಲ ನೋಡಿದರೆ ಬಂದ ಮೊತ್ತಕ್ಕೆ ಅರ್ಧ ಸೇರಿಸಲೇಬೇಕು.

ಕುಕ್ಕೆ ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರಿನಲ್ಲಿದೆ. ಶಿಖರಕ್ಕೆ ಏರುವ ಎತ್ತರ ಹೆಚ್ಚುಕಡಿಮೆ 1600 ಮೀಟರ್ ಆಯಿತು. ದೂರ ಒಂದು ಬದಿಗೆ 13 ಕಿ.ಮೀ. ಹಿಡಿಯೋಣ. ದೂರಕ್ಕೆ ಎರಡೂವರೆ ಗಂಟೆ ಮೇಲೆ, ಎತ್ತರಕ್ಕೆ ಎರಡು ಗಂಟೆ ನಲವತ್ತು ನಿಮಿಷ. ಒಟ್ಟು ಐದೂಕಾಲು. ಅರ್ಧ ಸೇರಿಸಿದರೆ ಎಂಟು ಗಂಟೆ. ಇಳಿಯಲು ಐದೂವರೆ, ಮೇಲೆ ಕೈಮುಗಿದು ಬುತ್ತಿ ತಿನ್ನಲು ಒಂದು. ಹದಿನಾಲ್ಕೂವರೆ ಗಂಟೆ ಆಯಿತು. ಡಿಸೆಂಬರಿನಲ್ಲಿ ನಮ್ಮ ಕಡೆ ಹಗಲು ಇರುವುದೇ ಹನ್ನೊಂದೂವರೆ ಗಂಟೆ! ಉಳಿದ ಮೂರು ಗಂಟೆ ಕಾಡಿನಲ್ಲಿ, ಕತ್ತಲೆಯಲ್ಲಿ, ಸೋತ ಕಾಲಿನಲ್ಲಿ. ದಾರಿ ತಪ್ಪುವುದು, ಕಾಲು ಉಳುಕುವುದು ಈ ಮೂರು ಗಂಟೆಯಲ್ಲೇ. ಒಂದು ದಿನದಲ್ಲಿ ಕುಕ್ಕೆಯಿಂದ ಹತ್ತಿ ಇಳಿದವರು ಇದ್ದಾರೆ, ಸುಳ್ಳಲ್ಲ. ಅವರು ಅಭ್ಯಾಸದವರು.

ಬೀದಳ್ಳಿ ಕಡೆ ಊರೇ ಎತ್ತರದಲ್ಲಿದೆ. ದೂರ ಏಳು ಕಿ.ಮೀ., ಏರು 700 ಮೀಟರ್ ಎಂದು ಲೆಕ್ಕಕ್ಕೆ ಹಿಡಿದರೆ ಎರಡೂವರೆ ಗಂಟೆ ಚಿಲ್ಲರೆ. ಅರ್ಧ ಸೇರಿಸಿದರೆ ನಾಲ್ಕು. ಇಳಿಯಲು ಮೂರು, ಮೇಲೆ ಒಂದು. ಎಂಟು ಗಂಟೆ. ಬೆಳಿಗ್ಗೆ ಏಳಕ್ಕೆ ಬಿಟ್ಟರೆ ಮಧ್ಯಾಹ್ನ ಮೂರಕ್ಕೆ ಹೊಳೆಯ ಈಚೆ. ಕಾಡಿನೊಳಗೆ ಹೊರಗಿಗಿಂತ ಬೇಗ ಕತ್ತಲಾಗುತ್ತದೆ. ಆದ್ದರಿಂದ ಮೂರು ಗಂಟೆ ಅನ್ನುವುದು ಬೇಗ ಏನಲ್ಲ.

ಈ ಲೆಕ್ಕದಿಂದ ಇನ್ನೊಂದು ನಿಯಮ ಹುಟ್ಟುತ್ತದೆ. ಹೊರಡುವ ಮೊದಲೇ ಹಿಂದಿರುಗುವ ಹೊತ್ತನ್ನು ಎಲ್ಲರೆದುರು ಹೇಳಿ ನಿಶ್ಚಯ ಮಾಡಿ. ಹನ್ನೆರಡು ಗಂಟೆ ಎಂದರೆ ಹನ್ನೆರಡೇ. ಶಿಖರ ಕಣ್ಣೆದುರು ಇದ್ದರೂ ತಿರುಗಬೇಕು. "ಇಷ್ಟು ದೂರ ಬಂದು ಪಾದಕ್ಕೆ ಕೈಮುಗಿಯದೆ ಹೋಗುವುದಾ" ಎಂದು ಹಿರಿಯರು ಬೇಜಾರು ಮಾಡುವುದುಂಟು. ಕುಕ್ಕೆಯಲ್ಲಿ ನಿಂತು ಪರ್ವತದ ಕಡೆಗೆ ಕೈಮುಗಿದವರೂ ಭಕ್ತರೇ ತಾನೆ?

ಹೊಳೆಯ ಪಾಠ

ಸೇತುವೆ ಉಂಟಲ್ಲ, ಮತ್ತೆ ಹೊಳೆಯ ಪಾಠ ಯಾಕೆ ಅಂತ ಕೇಳಬಹುದು. ಸೇತುವೆ ಇದ್ದರೂ ಬಂದವರಲ್ಲಿ ಅರ್ಧ ಜನ ನೀರಿಗೆ ಇಳಿದೇ ಇಳಿಯುತ್ತಾರೆ. ಕಾಲು ತೊಳೆಯಲು, ಬಾಟಲಿ ತುಂಬಿಸಲು, ಪ್ರೋಕ್ಷಣೆಗೆ, ಫೋಟೋಗೆ. ಅಲ್ಲದೆ ಘಟ್ಟದ ಎಲ್ಲ ತೊರೆಗೂ ಸೇತುವೆ ಇರುವುದಿಲ್ಲ. ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟುವ ಹಳ್ಳ ಒಂದು ಮಳೆಗೆ ಸೊಂಟ ಮಟ್ಟ ಆಗುತ್ತದೆ. ಈ ಪಾಠ ಬೇರೆ ಬೆಟ್ಟಗಳಿಗೂ ಆಗುತ್ತದೆ.

ಮೊದಲು ನೀರಿನ ಬಲ ಎಷ್ಟು ಅಂತ ತಿಳಿಯಬೇಕು. ಒಂದು ಘನ ಮೀಟರ್ ನೀರು ಸಾವಿರ ಕೆ.ಜಿ. ತೂಗುತ್ತದೆ. ಹರಿಯುವ ನೀರು ಕಾಲನ್ನು ತಳ್ಳುವ ಬಲ ವೇಗದ ವರ್ಗದಂತೆ ಏರುತ್ತದೆ. ಅಂದರೆ ವೇಗ ಎರಡರಷ್ಟಾದರೆ ಬಲ ಎರಡರಷ್ಟಲ್ಲ, ನಾಲ್ಕರಷ್ಟು. ಮೊಣಕಾಲು ಮಟ್ಟದ ನೀರು ಸೆಕೆಂಡಿಗೆ ಒಂದು ಮೀಟರ್ ಹರಿಯುತ್ತಿದ್ದರೆ ಎರಡು ಕಾಲಿಗೂ ಸೇರಿ ಸ್ಥೂಲವಾಗಿ ಐದು ಕೆ.ಜಿ. ಭಾರ ತಳ್ಳಿದ ಹಾಗೆ. ಅದೇ ಎರಡು ಮೀಟರ್ ಹರಿದರೆ ಇಪ್ಪತ್ತರ ಮೇಲೆ. ತೊಡೆಯ ಮಟ್ಟಕ್ಕೆ ಬಂದರೆ ಅರ್ಧ ಕ್ವಿಂಟಾಲಿನ ಹತ್ತಿರ. ಇದರ ಜೊತೆ ಮೈ ಮುಳುಗಿದಷ್ಟೂ ನೀರು ನಮ್ಮನ್ನು ಎತ್ತುತ್ತದೆ, ಕಾಲಿಗೆ ಹಿಡಿತ ಕಡಿಮೆಯಾಗುತ್ತದೆ. ಈಜು ಬಲ್ಲವನೂ ಇಲ್ಲಿ ಏನೂ ಮಾಡಲಾರ. ಕೆರೆಯ ಈಜು ಬೇರೆ, ಕಲ್ಲಿನ ನಡುವೆ ಧುಮುಕುವ ಹೊಳೆ ಬೇರೆ.

ವೇಗ ನೋಡಲು ಯಂತ್ರ ಬೇಡ. ಒಂದು ಕಡ್ಡಿ ನೀರಿಗೆ ಎಸೆದು ದಡದಲ್ಲಿ ಅದರ ಜೊತೆ ನಡೆಯಿರಿ. ನಡಿಗೆಗೆ ಕಡ್ಡಿ ಸಮನಾಗಿ ಬಂದರೆ ಯೋಚಿಸಬಹುದು. ಕಡ್ಡಿ ನಮ್ಮನ್ನು ಹಿಂದೆ ಹಾಕಿದರೆ, ನೀರು ಮೊಣಕಾಲಿಗಿಂತ ಮೇಲೆ ಇದ್ದರೆ, ಇಳಿಯಬಾರದು.

ಜಾಗ ಹುಡುಕುವಾಗ ಜನ ಹೊಳೆ ಕಿರಿದಾದ ಕಡೆ ನೋಡುತ್ತಾರೆ. ಇದು ದೊಡ್ಡ ತಪ್ಪು ತಿಳಿವಳಿಕೆ. ಕಿರಿದಾದ ಕಡೆ ಆಳವೂ ಹೆಚ್ಚು, ಸೆಳೆತವೂ ಹೆಚ್ಚು. ಹೊಳೆ ಅಗಲವಾಗಿ, ಹರಡಿ, ಕಲ್ಲು ಕಾಣುವಂತೆ ಹರಿಯುವ ಜಾಗವೇ ಸರಿ. ದಾಟುವ ಜಾಗದಿಂದ ಕೆಳಗೆ ಏನಿದೆ ಅಂತ ನೋಡದೆ ಕಾಲಿಡಬೇಡಿ. ಬಂಡೆಯ ಇಕ್ಕಟ್ಟೋ, ಬಿದ್ದ ಮರವೋ, ಜಲಪಾತವೋ ಇದ್ದರೆ ಬೇರೆ ಜಾಗ ನೋಡಿ. ಬೀದಳ್ಳಿಯ ನೀರು ಮುಂದೆ ಹೋಗಿ ಬೀಳುವುದು ಮಲ್ಲಳ್ಳಿಯಲ್ಲಿ ಅಂತ ಮೊದಲೇ ಹೇಳಿದ್ದೇನೆ.

ನೀರಿಗೆ ಇಳಿದ ಮೇಲೆ ಮುಖ ನೀರು ಬರುವ ಕಡೆಗೆ ಇರಲಿ. ಗಟ್ಟಿ ಕೋಲನ್ನು ಎದುರಿಗೆ ಊರಿ ಅದನ್ನು ಮೂರನೇ ಕಾಲು ಮಾಡಿಕೊಂಡು ಅಡ್ಡಕ್ಕೆ ಸರಿಯಿರಿ. ಒಮ್ಮೆಗೆ ಒಂದೇ ಕಾಲು ಎತ್ತುವುದು, ಎತ್ತಿದ ಕಾಲು ಗಟ್ಟಿ ಊರಿದ ಮೇಲೆ ಇನ್ನೊಂದು. ಬಂಡೆಯ ನೆತ್ತಿ ಮೇಲೆ ಕಾಲಿಡಬೇಡಿ, ಪಾಚಿ ಇರುತ್ತದೆ. ಎರಡು ಕಲ್ಲಿನ ಸಂದಿಗೂ ಹಾಕಬೇಡಿ, ಪಾದ ಸಿಕ್ಕಿಕೊಳ್ಳುತ್ತದೆ. ನಾಲ್ಕೈದು ಜನ ಇದ್ದರೆ ಒಬ್ಬರನ್ನೊಬ್ಬರು ಹೆಗಲು ಹಿಡಿದು ಒಟ್ಟಿಗೆ ದಾಟುವುದು. ಗಟ್ಟಿಮುಟ್ಟಾದವರು ನೀರು ಬರುವ ಕಡೆ, ಹಗುರದವರು ಅವರ ಮರೆಯಲ್ಲಿ. ಬೆನ್ನಚೀಲದ ಸೊಂಟದ ಪಟ್ಟಿ ಬಿಚ್ಚಿರಬೇಕು. ಬಿದ್ದರೆ ಚೀಲ ಹೋಗಲಿ.

ಪಂಚೆ, ಸೀರೆ ಉಟ್ಟವರಿಗೆ ಒಂದು ಮಾತು. ಒದ್ದೆ ಬಟ್ಟೆ ಕಾಲಿಗೆ ಸುತ್ತಿಕೊಂಡರೆ ಹೆಜ್ಜೆ ಬರುವುದಿಲ್ಲ, ನೀರು ಅದನ್ನು ಹಾಯಿಯ ಹಾಗೆ ಎಳೆಯುತ್ತದೆ. ಪಂಚೆಯನ್ನು ಎತ್ತಿ ಕಚ್ಚೆ ಹಾಕಿ ಬಿಗಿ ಮಾಡಿ. ಸೀರೆಯವರು ಒಳಗೆ ಚೂಡಿದಾರದ ಪ್ಯಾಂಟು ಹಾಕಿಕೊಂಡು ಬಂದರೆ ಮಡಿಗೆ ಏನೂ ಭಂಗ ಇಲ್ಲ. ಬರಿಗಾಲಿನ ಹರಕೆ ಹೊತ್ತವರು ಹೊಳೆ ದಾಟುವಾಗ ಮಾತ್ರ ಹಳೆಯ ಕ್ಯಾನ್ವಾಸ್ ಷೂ ಹಾಕಿಕೊಳ್ಳಿ ಎಂದು ನಾನು ಹೇಳುತ್ತೇನೆ. ಚೂಪು ಕಲ್ಲು ತಾಗಿ ನೋವಿನಿಂದ ಕಾಲೆತ್ತಿದ ಕ್ಷಣದಲ್ಲೇ ಆಯ ತಪ್ಪುವುದು. ಬೇಡ ಅನ್ನುವವರು ಸೇತುವೆಯ ಮೇಲೇ ಹೋಗಲಿ.

ಹಗ್ಗದ ವಿಷಯದಲ್ಲಿ ಬಹಳ ಜನಕ್ಕೆ ತಪ್ಪು ಕಲ್ಪನೆ ಇದೆ. ಸೊಂಟಕ್ಕೆ ಹಗ್ಗ ಕಟ್ಟಿ ದಡದಲ್ಲಿ ಹಿಡಿದು ನಿಲ್ಲುತ್ತಾರೆ. ಕಾಲು ಜಾರಿದರೆ ಹಗ್ಗ ಬಿಗಿಯಾಗಿ, ಮೇಲಿಂದ ಬರುವ ನೀರು ಅವನನ್ನು ಒಳಕ್ಕೆ ಒತ್ತಿ ಹಿಡಿಯುತ್ತದೆ. ಕಾಪಾಡಲು ಕಟ್ಟಿದ ಹಗ್ಗವೇ ಮುಳುಗಿಸುತ್ತದೆ. ತರಬೇತಿ ಇಲ್ಲದವರು ಮೈಗೆ ಹಗ್ಗ ಕಟ್ಟಲೇಬಾರದು.

ಕೊಚ್ಚಿ ಹೋದರೆ? ಎದ್ದು ನಿಲ್ಲಲು ನೋಡಬಾರದು. ಅಂಗಾತ ಮಲಗಿ, ಪಾದ ಮುಂದಕ್ಕೆ ಮಾಡಿ, ನೀರಿನ ಮಟ್ಟಕ್ಕೆ ಎತ್ತಿ, ಬಂಡೆ ಬಂದರೆ ಪಾದದಿಂದ ತಳ್ಳುತ್ತಾ ಕೈಯಲ್ಲಿ ದಡದ ಕಡೆ ಸರಿಯಬೇಕು. ನೀರು ನಿಧಾನವಾಗಿ ಅಡಿ ತಾಗುವ ಜಾಗ ಬಂದ ಮೇಲೆ ನಿಲ್ಲುವುದು. ದಡದಲ್ಲಿದ್ದವರು ಹಿಂದೆಯೇ ಹಾರಬೇಡಿ. ಕೋಲು ಚಾಚಿ, ಪಂಚೆ ಎಸೆಯಿರಿ, ಕೆಳಗೆ ಓಡಿ ಹೋಗಿ ಅಲ್ಲಿಂದ ಹಿಡಿಯಲು ನೋಡಿ. ಒಬ್ಬನನ್ನು ಉಳಿಸಲು ಹೋಗಿ ಒಂದೇ ಮನೆಯ ಇಬ್ಬರು ಮೂವರು ಹೋದ ಸುದ್ದಿ ಪೇಪರಿನಲ್ಲಿ ಪ್ರತಿ ವರ್ಷ ಬರುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಬೆಳಿಗ್ಗೆ ದಾಟಿದ ಹೊಳೆಯನ್ನು ಸಂಜೆಯೂ ದಾಟಬೇಕು. ಬೆಳಿಗ್ಗೆ ಮೊಣಕಾಲು ಮಟ್ಟ ಇದ್ದದ್ದು ಸಂಜೆಗೆ ಹಾಗೇ ಇರುತ್ತದೆ ಎಂದು ಹೊಳೆ ಯಾರಿಗೂ ಬರೆದು ಕೊಟ್ಟಿಲ್ಲ. ಘಟ್ಟದ ಹೊಳೆ ಅಂದರೆ ಕಡಿದಾದ ಇಳಿಜಾರು, ಬಂಡೆ ನೆಲ. ಶಿಖರದಲ್ಲಿ ಬಿದ್ದ ಮಳೆ ಇಂಗಲು ಜಾಗ ಇಲ್ಲದೆ ಒಟ್ಟಿಗೆ ಓಡಿ ಬರುತ್ತದೆ. ಕೆಳಗೆ ಬಿಸಿಲಿರುತ್ತದೆ, ಮೇಲೆ ಮೋಡ ಕವಿದಿರುತ್ತದೆ. ಅಕ್ಟೋಬರಿನ ಮಧ್ಯಾಹ್ನದ ಗುಡುಗು ಮಳೆ ಈ ವಿಷಯದಲ್ಲಿ ಬಹಳ ಕೆಟ್ಟದ್ದು. ನೀರಿನ ಅಂಚಿಗೆ ಒಂದು ಕಲ್ಲಿಟ್ಟು ಗುರುತು ಮಾಡಿ ಹೋಗಿ. ಹಿಂದೆ ಬಂದಾಗ ಕಲ್ಲು ಮುಳುಗಿದ್ದರೆ ಹೊಳೆ ಏರಿದೆ ಅಂತ ಅರ್ಥ. ತಿಳಿ ನೀರು ಕೆಂಪಾಗುವುದು, ತರಗೆಲೆ ಕಡ್ಡಿ ತೇಲಿ ಬರುವುದು, ಸದ್ದು ದಪ್ಪವಾಗುವುದು, ಒಳಗೆ ಕಲ್ಲು ಉರುಳುವ ಗುಡುಗುಡು ಕೇಳುವುದು, ಮಣ್ಣಿನ ವಾಸನೆ. ಇವುಗಳಲ್ಲಿ ಒಂದು ಕಂಡರೂ ನೀರಿನಲ್ಲಿದ್ದವರು ತಕ್ಷಣ ಹತ್ತಿರದ ದಡಕ್ಕೆ.

ಏರಿದ ಹೊಳೆಯ ಎದುರು ಮಾಡುವ ಕೆಲಸ ಒಂದೇ, ಕೂತು ಕಾಯುವುದು. ಇಂಥ ಸಣ್ಣ ಹೊಳೆಗಳು ಬೇಗ ಏರುತ್ತವೆ, ಮಳೆ ನಿಂತರೆ ಕೆಲವು ಗಂಟೆಯಲ್ಲಿ ಇಳಿಯುತ್ತವೆ. ಬಸ್ಸು ತಪ್ಪುತ್ತದೆ, ನಾಳೆ ಡ್ಯೂಟಿ ಇದೆ, ಹೆಂಡತಿ ಕಾಯುತ್ತಾಳೆ, ಇದೆಲ್ಲ ಹೊಳೆಗೆ ಗೊತ್ತಿಲ್ಲ. ರಾತ್ರಿಯಾದರೂ ಚಿಂತೆಯಿಲ್ಲ, ದಡದಿಂದ ಎತ್ತರದ ಜಾಗದಲ್ಲಿ ಒಟ್ಟಿಗೆ ಕೂತಿರಿ. ಚೀಲದಲ್ಲಿ ಒಂದು ಪ್ಲಾಸ್ಟಿಕ್ ಹೊದಿಕೆ, ಟಾರ್ಚು, ಸೀಟಿ ಇರಬೇಕೆನ್ನುವುದು ಇದಕ್ಕೇ.

ಈ ಸೀಮೆಯ ಮಳೆ ಎಂಥದ್ದು ಎಂಬುದಕ್ಕೆ ದೂರ ಹೋಗುವುದು ಬೇಡ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳೇ ಜರಿದು ಊರುಗಳು ಹೋದವು. 2022ರ ಆಗಸ್ಟ್ 1ರ ರಾತ್ರಿ ಸುಬ್ರಹ್ಮಣ್ಯದಲ್ಲಿ ಮಳೆಗೆ ಗುಡ್ಡ ಮನೆಯ ಮೇಲೆ ಕುಸಿದು ಇಬ್ಬರು ಹೆಣ್ಣುಮಕ್ಕಳು ತೀರಿಕೊಂಡರು. ಅವರು ಬೆಟ್ಟ ಹತ್ತಲು ಹೋದವರಲ್ಲ, ಮನೆಯೊಳಗೆ ಇದ್ದವರು. ಮಳೆಗಾಲದಲ್ಲಿ ಕುಕ್ಕೆಯ ಸ್ನಾನಘಟ್ಟ ಮುಳುಗಿ, ನೀರಿಗೆ ಇಳಿಯಬೇಡಿ ಎಂದು ಹಗ್ಗ ಕಟ್ಟಿ ನಿಲ್ಲಿಸುವುದುಂಟು. ಆಗ ಹಗ್ಗ ದಾಟಿ ಮುಳುಗು ಹಾಕಿದರೆ ಪುಣ್ಯ ಹೆಚ್ಚು ಅಂತ ಯಾವ ಶಾಸ್ತ್ರದಲ್ಲೂ ಹೇಳಿಲ್ಲ. ತಂಬಿಗೆಯಲ್ಲಿ ತಲೆಗೆ ಹಾಕಿಕೊಂಡರೂ ಅದೇ ತೀರ್ಥ.

ಬಂಡೆ ಹತ್ತುವ ಕ್ರಮ

ಬೀದಳ್ಳಿ ಕಡೆ ಶಿಖರದ ಹತ್ತಿರದ ಬಂಡೆ ನೋಡಿ ಹೆದರುವವರು ಉಂಟು, ಹೆದರದೆ ಓಡುವವರೂ ಉಂಟು. ಎರಡೂ ಬೇಡ. ಎರಡು ಕೈ ಎರಡು ಕಾಲು ಒಟ್ಟು ನಾಲ್ಕರಲ್ಲಿ ಮೂರು ಯಾವಾಗಲೂ ಬಂಡೆಯ ಮೇಲೆ ಗಟ್ಟಿಯಾಗಿರಬೇಕು, ಒಂದು ಮಾತ್ರ ಸರಿಯಬೇಕು. ಬಂಡೆಗೆ ಎದೆ ತಾಗಿಸಿ ಅಪ್ಪಿಕೊಂಡರೆ ಪಾದ ಜಾರುತ್ತದೆ. ಮೈಯನ್ನು ಸ್ವಲ್ಪ ಹೊರಗಿಟ್ಟು ಭಾರ ನೇರ ಪಾದದ ಮೇಲೆ ಬೀಳುವಂತೆ ನಿಂತರೆ ಅಂಗಾಲು ಹಿಡಿಯುತ್ತದೆ. ಹುಲ್ಲಿನ ಬುಡ ಹಿಡಿದು ಜಗ್ಗಬೇಡಿ, ಬೇರು ಸಮೇತ ಕೈಗೆ ಬರುತ್ತದೆ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ನಿಲ್ಲಬೇಡಿ. ಕಲ್ಲು ಜಾರಿದರೆ "ಕಲ್ಲು, ಕಲ್ಲು" ಅಂತ ಕೂಗಬೇಕು, ನಗಬಾರದು. ಬಂಡೆ ಒದ್ದೆ ಇದ್ದರೆ ಅಲ್ಲಿಗೇ ನಿಲ್ಲಿಸಿ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಕಡಿದಾದ ಕಡೆ ಬಂಡೆಗೆ ಮುಖ ಮಾಡಿ ಏಣಿ ಇಳಿದ ಹಾಗೆ ಇಳಿಯಿರಿ. ಮೊಣಕಾಲು ನಡುಗಲು ಶುರುವಾದರೆ ಹತ್ತು ನಿಮಿಷ ಕೂರಿ. ಕೂತು ಜಾರುವ ಅಭ್ಯಾಸ ಒಳ್ಳೆಯದಲ್ಲ, ಜಾರಿದ ಮೇಲೆ ನಿಲ್ಲುವುದು ನಮ್ಮ ಕೈಯಲ್ಲಿ ಇರುವುದಿಲ್ಲ.

ಮೇಲೆ ಹೋದಂತೆ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ತಂಪು ಏರುತ್ತದೆ. ಕುಕ್ಕೆಯಲ್ಲಿ 30 ಡಿಗ್ರಿ ಇದ್ದರೆ ಶಿಖರದಲ್ಲಿ 20. ಅದರ ಮೇಲೆ ಗಾಳಿ, ಬೆವರಿನಿಂದ ಒದ್ದೆಯಾದ ಅಂಗಿ. ಒಣ ಬನಿಯನ್ನು ಒಂದು ಹೆಚ್ಚು ಇಟ್ಟುಕೊಳ್ಳಿ. ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿನವರು ಕಾಣುವುದಿಲ್ಲ. ಆಗ ನಿಂತಲ್ಲೇ ನಿಲ್ಲಬೇಕು. ಹುಲ್ಲುಗುಡ್ಡದಲ್ಲಿ ದನ, ಕಾಡುಪ್ರಾಣಿ ತುಳಿದ ಜಾಡೂ ದಾರಿಯ ಹಾಗೇ ಕಾಣುತ್ತದೆ. ಗುಡುಗು ಕೇಳಿದರೆ ಬೋಳು ಶಿಖರದಲ್ಲಿ, ಒಂಟಿ ಮರದ ಕೆಳಗೆ ನಿಲ್ಲಬಾರದು. ತಗ್ಗಿಗೆ ಇಳಿಯಬೇಕು.

ಸಣ್ಣಪುಟ್ಟ ವಿಷಯಗಳು

ನೀರು ಒಬ್ಬರಿಗೆ ಮೂರು ಲೀಟರ್. ಜನವರಿ ನಂತರ ಮೇಲಿನ ಒರತೆಗಳನ್ನು ನಂಬಬೇಡಿ. ಸುಸ್ತಾದವರಿಗೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಸ್ವಲ್ಪ ಸ್ವಲ್ಪ ಕುಡಿಸಿ. ಚಮಚ ಎಂದರೆ ಟೀ ಚಮಚ. ಅವಲಕ್ಕಿ, ಬೆಲ್ಲ, ಶೇಂಗಾ, ಚಪಾತಿ ಒಳ್ಳೆಯದು. ಮೊಸರನ್ನ ತಂದವರು ಬಿಸಿಲಿನಲ್ಲಿ ಹುಳಿಯಾಯಿತು ಅಂತ ಬಯ್ಯುವುದನ್ನು ಕೇಳಿದ್ದೇನೆ.

ಇಂಬಳ ಹತ್ತಿದರೆ ಕಿತ್ತೆಳೆಯಬೇಡಿ. ಉಪ್ಪು ಅಥವಾ ಹೊಗೆಸೊಪ್ಪಿನ ನೀರು ತಾಗಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದು ಒಂದು ರಸ ಬಿಡುವುದರಿಂದ ಗಾಯ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ. ಆನೆ ಇರುವ ಕಾಡು. ಹಸಿ ಲದ್ದಿ ಕಂಡರೆ ಮಾತು ನಿಲ್ಲಿಸಿ, ಗುಂಪು ಒಟ್ಟಾಗಿಸಿ, ಹಿಂದಕ್ಕೆ ಬನ್ನಿ. ಬೀಡಿ ಸೇದುವವರು ಚೆಕ್‌ಪೋಸ್ಟಿನ ಕೆಳಗೇ ಮುಗಿಸಿ. ಚಳಿಗಾಲ ಕಳೆದ ಮೇಲೆ ಆ ಹುಲ್ಲು ಒಂದು ಕಿಡಿಗೆ ಕಾಯುತ್ತಿರುತ್ತದೆ.

ಕುಮಾರಲಿಂಗದ ವಿಷಯ ಹೇಳಲೇಬೇಕು. ಪರ್ವತದಲ್ಲಿ ಸಹಜವಾಗಿ ಲಿಂಗಾಕಾರವಾದ ಕಲ್ಲುಗಳು ಸಿಗುತ್ತವೆ, ಮನೆಗೆ ತಂದು ಪೂಜಿಸಿದರೆ ಶ್ರೇಯಸ್ಸು ಎಂಬ ನಂಬಿಕೆ ಹಿಂದಿನಿಂದ ಇದೆ. ಹಿಂದೆ ವರ್ಷಕ್ಕೆ ಹತ್ತು ಜನ ಹೋಗುತ್ತಿದ್ದಾಗ ಅದು ನಡೆಯಿತು. ಈಗ ಒಂದು ರಜೆಯಲ್ಲಿ ಹೋಗುವವರೆಲ್ಲ ಒಂದೊಂದು ಕಲ್ಲು ತಂದರೆ ಪರ್ವತದಲ್ಲಿ ಏನು ಉಳಿಯುತ್ತದೆ? ವನ್ಯಜೀವಿಧಾಮದೊಳಗಿಂದ ಕಲ್ಲಾಗಲಿ ಗಿಡವಾಗಲಿ ತರಲು ಕಾನೂನಿನ ಒಪ್ಪಿಗೆಯೂ ಇಲ್ಲ. ಅಲ್ಲಿಯೇ ಮುಟ್ಟಿ ನಮಸ್ಕರಿಸಿ ಬನ್ನಿ.

ಅನುಮತಿ

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಒಮ್ಮೆಲೇ ಸಾವಿರಾರು ಜನ ಈ ಬೆಟ್ಟಕ್ಕೆ ನುಗ್ಗಿದರು. ಸಾಲು ಜಾತ್ರೆಯ ಹಾಗೆ ಕಾಣುತ್ತಿತ್ತು. ಅದರ ನಂತರ ಸರ್ಕಾರ ಚಾರಣವನ್ನು ಸ್ವಲ್ಪ ಕಾಲ ನಿಲ್ಲಿಸಿತು. ಆಮೇಲೆ ಅದೇ ವರ್ಷ ಅರಣ್ಯ ವಿಹಾರ ಎಂಬ ಹೆಸರಿನ ಇಂಟರ್‌ನೆಟ್ ತಾಣದ ಮೂಲಕ ಮುಂಗಡ ಟಿಕೆಟ್ ಶುರುವಾಯಿತು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇಟ್ಟಿದ್ದಾರೆ. ಮಳೆಗಾಲದಲ್ಲಿಯೂ, ಕಾಡ್ಗಿಚ್ಚಿನ ಭಯ ಇರುವ ಬೇಸಿಗೆಯಲ್ಲಿಯೂ ದಾರಿ ಮುಚ್ಚುತ್ತಾರೆ. ತಾವು ಹೋಗುವ ವರ್ಷ ಯಾವ ತಿಂಗಳು ತೆರೆದಿದೆ, ಯಾವ ಕಡೆಯಿಂದ ಹತ್ತಿ ಯಾವ ಕಡೆ ಇಳಿಯಬಹುದು, ರಾತ್ರಿ ಉಳಿಯಲು ಬಿಡುತ್ತಾರೋ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಇಂಟರ್‌ನೆಟ್ ಬಾರದವರು ಮನೆಯ ಮಕ್ಕಳ ಕೈಯಲ್ಲಿ ಮಾಡಿಸಬಹುದು. ಗುರುತಿನ ಚೀಟಿ ಬೇಕು. ಮುಚ್ಚಿದ ಕಾಲದಲ್ಲಿ ಕಳ್ಳದಾರಿಯಲ್ಲಿ ಕರೆದುಕೊಂಡು ಹೋಗುತ್ತೇನೆ ಅನ್ನುವವರ ಮಾತಿಗೆ ಮರುಳಾಗಬೇಡಿ. ಆ ಕಾಲದಲ್ಲೇ ಹೊಳೆ ತುಂಬಿರುವುದು.

ಸೋಮವಾರಪೇಟೆಯಿಂದ ಬೀದಳ್ಳಿಗೆ ಬಸ್ಸು ಕಡಿಮೆ, ಹಿಂದಿನ ದಿನವೇ ಆ ಕಡೆ ಹೋಗಿ ಉಳಿದರೆ ಬೆಳಿಗ್ಗೆ ಏಳಕ್ಕೆ ಹೊರಡಲು ಅನುಕೂಲ. ಕಾಡಿನೊಳಗೆ ಮೊಬೈಲ್ ಸಿಗ್ನಲ್ ನಂಬಲಾಗದು. ಮನೆಯವರಿಗೆ "ಮೇಲೆ ಹೋಗಿ ಫೋನ್ ಮಾಡುತ್ತೇನೆ" ಅನ್ನಬೇಡಿ. "ಇಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಚೆಕ್‌ಪೋಸ್ಟಿನವರಿಗೆ ತಿಳಿಸಿ" ಎಂದು ಹೊತ್ತು ಹೇಳಿ ಹೋಗಿ. ಇಳಿದು ಬಂದ ಮೇಲೆ ಎಷ್ಟೇ ಸುಸ್ತಾಗಿದ್ದರೂ ಚೆಕ್‌ಪೋಸ್ಟಿಗೆ ಹೋಗಿ ತಾವು ಬಂದದ್ದನ್ನು ತಿಳಿಸಬೇಕು. ಹಾಗೇ ಬಸ್ಸು ಹತ್ತಿ ಹೋದರೆ ತಾವು ಊರಿನಲ್ಲಿ ಊಟ ಮಾಡುವ ಹೊತ್ತಿಗೆ ಇಲ್ಲಿ ನಾಲ್ಕು ಜನ ಟಾರ್ಚು ಹಿಡಿದು ತಮ್ಮನ್ನು ಹುಡುಕುತ್ತಾ ಹೊಳೆ ದಾಟುತ್ತಿರುತ್ತಾರೆ.